ನಾ ನೋಡದ ಗಂಟು

ಕೆನಡಾದ ಬ್ರ್ಯಾಂಪ್ಟನ್ನಿನ ಒಂದ ಬೇಸ್‌ಮೆಂಟಿನ್ಯಾಗ ನಾಲ್ಕು ವರ್ಷ ಕೂಡಿ ಇದ್ರೂ ನಾ ಭಾವಾರ ಜೋಡಿ ನೇರ ಮಾತಾಡಿದ್ದು ಭಾಳ ಕಮ್ಮಿ. ಅವರು ನನ್ನ ಗಂಡನ ಅಣ್ಣ. ನಮ್ಮ ಧಾರವಾಡದ ಮನ್ಯಾಗ ತಮ್ಮನ ಹೆಂಡತಿ ಭಾವನ ಎದುರು ಕೂಡಂಗಿಲ್ಲ, ಮೈಕೈ ತಾಗಂಗಿಲ್ಲ. ಇಲ್ಲಿನೂ ಅದ ಕಥಿ. "ಚಾ ಆತೇನು ಕೇಳು" ಅಂತ ಅವರು ನನ್ನ ಗಂಡಗ ಹೇಳೋರು, ನಾ ಅಲ್ಲೇ ಒಲಿ ಮುಂದ ನಿಂತಿರ್ತಿದ್ದೆ. ನಗು ಬರ್ತಿತ್ತು, ಆದ್ರ ನಾನೂ ಬಿಡಲಿಲ್ಲ, ಅವರೂ ಬಿಡಲಿಲ್ಲ.

ಭಾವಾರು ಮೊದಲ ಜರ್ಮನಿಯೊಳಗ ಕೆಲಸಕ್ಕಿದ್ರು. ಅಲ್ಲಿ ರಸ್ತೆ ಬದಿಗೇ ನೆಟ್ಟಗ ನಿಂತ ಒಂದು ಎತ್ತರದ ಬಂಡೆ ಹತ್ತಿ ಹತ್ತಿ ಈ ಹುಚ್ಚು ಹಿಡಿಸ್ಕೊಂಡಿದ್ರು. ಇಲ್ಲಿ ಅಣ್ಣತಮ್ಮ ಇಬ್ರೂ ರವಿವಾರ ಮಿಲ್ಟನ್ ಕಡೆ ಬಂಡೆಗೆ ಹೋಗೋರು. ಒಬ್ಬರು ನಡಕ್ಕ ಹಗ್ಗ ಕಟ್ಕೊಂಡು, ಬಂಡೆಗೆ ಬಡಿದ ಕಬ್ಬಿಣದ ಬಳಿಗಳಿಗೆ ಅದನ್ನ ಸಿಗಿಸ್ಕೋತ ಹತ್ತೋದು. ಇನ್ನೊಬ್ಬರು ಕೆಳಗ ನಿಂತು ಹಗ್ಗ ಬಿಡೋದು, ಬಿದ್ರ ಹಿಡಿಯೋದು. 2017ರ ಬೇಸಿಗ್ಯಾಗ ನನ್ನ ಗಂಡ ಬೋಲ್ಟನ್ ವೇರ್‌ಹೌಸಿನ್ಯಾಗ ಪೆಟ್ಟಿಗಿ ಎತ್ತಲಿಕ್ಕೆ ಹೋಗಿ ಭುಜದ ಕೀಲು ತಪ್ಪಿಸ್ಕೊಂಡ್ರು. ಹಗ್ಗ ಹಿಡಿಯೋ ಕೆಲಸ ನನಗ ಬಂತು. ಬಂಡೆ ಹತ್ತೋದು ಕಲಿಸೋ ಜಿಮ್ಮಿನ್ಯಾಗ ಎರಡು ತಿಂಗಳು ಕಲಿತೆ. ಯಾರಿಗೂ ಕಮ್ಮಿ ಇರಲಿಲ್ಲ ನಾ, ಸುಳ್ಳು ಯಾಕ ಹೇಳ್ಲಿ.

ಹತ್ತೋ ಮೊದಲ ಒಂದು ನೇಮ ಐತಿ. ಹತ್ತೋರ ಗಂಟನ್ನ ಹಗ್ಗ ಹಿಡಿಯೋರು ಕೈಲೆ ಎಳೆದು ನೋಡಬೇಕು. ಆ ಗಂಟು ಇರೋದು ಹೊಕ್ಕಳದ ಕೆಳಗ. ಭಾವಾರ ನಡಕ್ಕ ನಾ ಕೈ ಹಚ್ಚೋದೇನು? ರಾಮ ರಾಮ! ದೂರ ನಿಂತು ಕಣ್ಣು ಹಾಯಿಸಿ "ಹೂಂ" ಅಂತಿದ್ದೆ. ಅವರು ಆಕಡೆ ಮುಖ ಮಾಡಿ ನಿಲ್ಲೋರು. ಕಡೀಕ ನನ್ನ ಗಂಡನ ಬಂದು ಒಂದು ಕೈಲೆ ಎಳೆದು ನೋಡೋರು.

ಒಂದು ರವಿವಾರ ನನ್ನ ಗಂಡ ಊಟದ ಡಬ್ಬಿ ತರಲಿಕ್ಕೆ ಕಾರಿನ ಕಡೆ ಹೋಗಿದ್ರು. ಭಾವಾರು ಗಂಟು ಹಾಕ್ಲಿಕ್ಕೆ ಹತ್ತಿದಾಗ ಫೋನ್ ಬಂತು, ಸೋಮವಾರದ ಶಿಫ್ಟಿನ ಮಾತು. ಫೋನ್ ಮುಗಿಸಿ, ಜಾಕೆಟ್ ಕೆಳಗೆಳೆದು ಬಂಡೆ ಕಡೆ ತಿರುಗಿದ್ರು. ನಾ ಎಂದಿನಂಗ "ಹೂಂ" ಅಂದೆ. ಗಂಟು ಕಂಡಿರಲೇ ಇಲ್ಲ.

ನಾಲ್ಕನೇ ಬಳಿಗೆ ಅವರು ಕೈ ಚಾಚಿದಾಗ ಜಾಕೆಟ್ ಮ್ಯಾಲೇರಿತು. ಗಂಟು ಅರ್ಧಕ್ಕ ನಿಂತಿತ್ತು. ಹಗ್ಗದ ತುದಿ ನಾಲ್ಕು ಬೆರಳಿನಷ್ಟು ಉಳಿದಿತ್ತು, ಅದೂ ಜಾರ್ಲಿಕ್ಕೆ ಹತ್ತಿತ್ತು. ಅವರು ಬಿದ್ರ ನನ್ನ ಕೈಯಾಗಿನ ಹಗ್ಗ ಏನ್ ಹಿಡೀತಿತ್ತು, ಮಣ್ಣು!

"ಭಾವಾ! ಬಳಿ ಹಿಡೀರಿ! ಗಂಟು ಬಿಚ್ಚೇತಿ!"

ಅಷ್ಟು ದೊಡ್ಡ ದನಿ ನನ್ನೊಳಗ ಐತಂತ ನನಗೇ ಗೊತ್ತಿರಲಿಲ್ಲ. ಅವರು ಒಂದು ಕೈಲೆ ಬಳಿ ಹಿಡಿದು, ಇನ್ನೊಂದು ಕೈಲೆ ನಡುಪಟ್ಟಿಯನ್ನ ಕೊಂಡಿಯಿಂದ ಬಳಿಗೆ ಸಿಗಿಸಿ ಜೋತಾಡಿದ್ರು. ಹಂಗ ಜೋತಾಡ್ಕೋತನ ಗಂಟು ಮತ್ತ ಹಾಕ್ಕೊಂಡ್ರು. ನಾ ಹಗ್ಗ ಬಿಡ್ಕೋತ ಅವರನ್ನ ಮೆಲ್ಲಕ ಕೆಳಗ ಇಳಿಸಿದೆ.

ನನ್ನ ಗಂಡ ಓಡಿ ಬಂದಿದ್ರು. ಭಾವಾರು ನೆಲಕ್ಕ ಕುಂತು ಅಂದ್ರು, "ತಪ್ಪು ನಂದೋ. ಫೋನಿನ ಗುಂಗಿನ್ಯಾಗ ಗಂಟು ಮರತೆ. ಆಕಿ ನೋಡಿದ್ದಕ್ಕ ಜೀವ ಉಳೀತು."

ನಾ ಬಾಯಿ ಬಿಡಲಿಲ್ಲ. ಧಾರವಾಡಕ್ಕ ಸುದ್ದಿ ಮುಟ್ಟಿ, ಅತ್ತಿ ವಿಡಿಯೋ ಕಾಲ್‌ನ್ಯಾಗ "ನನ್ನ ಮಗನ್ನ ಉಳಿಸಿದ್ಯವ್ವಾ" ಅಂತ ಅತ್ರು. ಅದಕ್ಕೂ ಸುಮ್ಮನ ತಲಿ ಅಲ್ಲಾಡಿಸಿದೆ. ನನ್ನ ಮ್ಯಾಲೆ ನನಗ ಹೇಸಿಗಿ ಬಂತು. ಹಿಂಗ ಒಂದು ವಾರ ಕಳೀತು.

ಕಡೀಕ ಒಂದು ಮುಂಜಾನೆ ಅವರು ಚಾ ಕುಡಿಯಾಕ ಕುಂತಾಗ, ಎದುರಿನ ಕುರ್ಚಿ ಎಳಕೊಂಡು ಕುಂತೆ.

"ಭಾವಾರ, ಅವತ್ತ ನಾ ಗಂಟು ನೋಡಿರಲಿಲ್ರಿ. ನೋಡದೇ ಹೂಂ ಅಂದೆ."

ಅವರು ಕಪ್ಪು ಕೆಳಗಿಟ್ರು.

"ಗೊತ್ತಿತ್ತವಾ," ಅಂದ್ರು. "ನೀ ನೋಡಿಲ್ಲಂತ ಗೊತ್ತಿದ್ದೂ ನಾ ಹತ್ತಿದೆ. ತಮ್ಮನ ಹೆಂಡತಿಗೆ 'ಬಾ, ನೋಡು' ಅನ್ಲಿಕ್ಕೆ ನನಗ ಬಾಯಿ ಬರಲಿಲ್ಲ."