ಅಜ್ಜಿ ಗುಟ್ಟಾಗಿ ಕಲಿತ ಹೊಸ ಜಪ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸಂಜೆಯ ಜಪ ಮುಗಿಯದೆ ಯಾರಿಗೂ ತಟ್ಟೆ ಹಾಕುತ್ತಿರಲಿಲ್ಲ. ಒಲೆಯ ಮೇಲೆ ಸೊಪ್ಪಿನ ಸಾರು ಘಮ್ಮೆನ್ನುತ್ತಿದ್ದರೂ, ಹೊಟ್ಟೆ ಚುರುಗುಟ್ಟುತ್ತಿದ್ದರೂ ಮೊದಲು ಚಾಪೆ ಹಾಸಿ ಮಾತೆ ಮರಿಯಮ್ಮನವರ ಪಟದ ಮುಂದೆ ಮೊಣಕಾಲೂರಬೇಕು. ಆಗ ನಾವಿದ್ದದ್ದು ಸುದ್ದಗುಂಟೆಪಾಳ್ಯದಲ್ಲಿ. ಹೆಂಚಿನ ಮನೆ, ಮುಂದೆ ಒಂದು ಸೀಬೆ ಮರ, ಅದರಾಚೆ ರಾಗಿ ಹೊಲ. ನಂಬಿಕೆ ಬರದಿದ್ದರೆ ಬೇಡ ಬಿಡಿ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ, ನನಗೇ ನಂಬಿಕೆ ಬರುವುದಿಲ್ಲ.

ಜಪ ನಡೆಸುತ್ತಿದ್ದವರು ಅಜ್ಜಿ, ಅಂದರೆ ಅಪ್ಪನ ತಾಯಿ. ಕೈಯಲ್ಲಿ ಜಪಸರ ಹಿಡಿದು ಒಂದೊಂದು ಮಣಿಗೂ ಅಜ್ಜಿ ಮೊದಲರ್ಧ ಹೇಳುವುದು, ಉಳಿದರ್ಧವನ್ನು ನಾವೆಲ್ಲ ಒಟ್ಟಾಗಿ ಹೇಳುವುದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ತಮ್ಮ ತಾಯಿಯ ಬಾಯಿಂದ ಕಲಿತ ಹಳೆಯ ಕನ್ನಡದ ಜಪ ಅವರದು. ಉದ್ದುದ್ದ ಮಾತುಗಳು, ಎಳೆದು ಹಾಡುವಂಥ ರಾಗ. ಅರ್ಧಕ್ಕರ್ಧ ಅರ್ಥವಾಗದಿದ್ದರೂ ಕೇಳಲು ಹಿತವಾಗಿರುತ್ತಿತ್ತು, ನಡುವೆ ಸೊಗಸಾದ ತೂಕಡಿಕೆಯೂ ಬರುತ್ತಿತ್ತು.

ಆ ವರ್ಷ ಚರ್ಚಿಗೆ ಹೊಸ ಜಪ ಬಂತು. ಅದೇ ಜಪವೇ, ಆದರೆ ಮಾತು ಚಿಕ್ಕದು, ಕನ್ನಡ ಸಲೀಸು. ಹಳೆಯದರಲ್ಲಿ ‘ನಮಗೋಸ್ಕರ ಬೇಡಿಕೊಳ್ಳಿರಿ’ ಎಂದಿದ್ದದ್ದು ಹೊಸದರಲ್ಲಿ ‘ನಮಗಾಗಿ ಪ್ರಾರ್ಥಿಸಿ’ ಎಂದಾಯಿತು. ಭಾನುವಾರದ ಪಾಠದಲ್ಲಿ ಸಿಸ್ಟರ್ ಹೇಳಿಸಿ ಹೇಳಿಸಿ ಅಕ್ಕನಿಗೂ ನನಗೂ ಅದನ್ನು ಬಾಯಿಪಾಠ ಮಾಡಿಸಿಬಿಟ್ಟರು. ಮನೆಯಲ್ಲಿ ಯಾವುದನ್ನು ಹೇಳಬೇಕೆಂಬುದನ್ನು ಫಾದರ್ ಮನೆಯವರಿಗೇ ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಅಪ್ಪ ಯಾರನ್ನೂ ಕೇಳದೆ ತೀರ್ಮಾನ ಮಾಡಿದರು: ಅಜ್ಜಿ ಇರುವವರೆಗೆ ಹಳೆಯದೇ.

ಅಕ್ಕನಿಗೂ ನನಗೂ ಪೀಕಲಾಟ ಶುರುವಾಯಿತು. ಹಳೆಯದು ನಾಲಿಗೆಯಿಂದ ಜಾರಿಹೋಗುತ್ತಿತ್ತು, ಹೊಸದನ್ನು ಹೇಳಿದರೆ ಅಪ್ಪ ಕಣ್ಣು ಕೆಕ್ಕರಿಸಿ ನೋಡುತ್ತಿದ್ದರು. ಕಡೆಗೆ ನಾವಿಬ್ಬರೂ ದನಿ ಹೊರಡಿಸದೆ ಬರೀ ತುಟಿ ಆಡಿಸುವುದನ್ನು ರೂಢಿಸಿಕೊಂಡೆವು. ಯಾರೂ ಗಮನಿಸಿಲ್ಲ ಎಂದುಕೊಂಡಿದ್ದೆವು.

ಅಕ್ಟೋಬರ್ ಬಂದರೆ ಜಪಸರದ ತಿಂಗಳು. ಮಾತೆ ಮರಿಯಮ್ಮನವರ ಮರದ ಸ್ವರೂಪವೊಂದನ್ನು, ಮೊಳದುದ್ದದ ಮೂರ್ತಿ ಅದು, ದಿನಕ್ಕೊಂದು ಮನೆಯಂತೆ ಹೊತ್ತು ತರುತ್ತಿದ್ದರು. ಸಂಜೆ ಅಕ್ಕಪಕ್ಕದವರೆಲ್ಲ ಆ ಮನೆಯಲ್ಲಿ ಸೇರಿ ಜಪ ಹೇಳಬೇಕು, ಆ ಮನೆಯ ಹಿರಿಯರು ಜಪ ನಡೆಸಬೇಕು. ನಾನು ಹೇಳಹೊರಟಿರುವುದು ನಮ್ಮ ಮನೆಯ ಸರದಿ ಬಂದ ದಿನದ ಕತೆ.

ಬೆಳಿಗ್ಗೆಯಿಂದಲೇ ಹಬ್ಬದ ಗಡಿಬಿಡಿ. ಅಮ್ಮ ಉಸಲಿಗೆಂದು ಕಡಲೆಕಾಳು ನೆನೆಹಾಕಿದ್ದರು. ಅಪ್ಪ ಗೋಡೆಗೆ ಸುಣ್ಣ ಬಳಿದು, ಅದು ಸಾಲದೆಂಬಂತೆ ತಮ್ಮ ತಲೆಗೂ ಬಳಿದುಕೊಂಡಿದ್ದರು. ಪಕ್ಕದ ಮನೆಯ ದೊಡ್ಡಮ್ಮ ಬುಟ್ಟಿ ತುಂಬ ಕನಕಾಂಬರ ತಂದು ಕಟ್ಟುತ್ತ ಕೂತಿದ್ದರು. ಅವರು ನಮ್ಮ ಚರ್ಚಿನವರಲ್ಲ, ಅವರ ಪೂಜೆ ಪುನಸ್ಕಾರ ಬೇರೆ. ಆದರೂ ನಮ್ಮ ಮನೆಗೆ ಮರಿಯಮ್ಮನವರು ಬಂದ ದಿನ ಹೂ ಕಟ್ಟುವ ಹಕ್ಕನ್ನು ಅವರು ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ. ಹಸಿ ಸುಣ್ಣ, ಹೂವು, ಬೇಯುತ್ತಿದ್ದ ಕಡಲೆ, ಮೂರರ ವಾಸನೆಯೂ ಸೇರಿ ಮನೆಯೇ ಹೊಸದಾದಂತಿತ್ತು.

ಮಧ್ಯಾಹ್ನ ಅಪ್ಪ ಬೆಂಚು ತರಲು ಹೋದಾಗ ಅಜ್ಜಿ ನಮ್ಮಿಬ್ಬರನ್ನು ಹಿತ್ತಿಲಿಗೆ ಕರೆದರು. ಮೊರದಲ್ಲಿ ಅಕ್ಕಿ ಆರಿಸುವ ನೆಪ. ನಿಜಕ್ಕೂ ನಡೆಯುತ್ತಿದ್ದದ್ದೇ ಬೇರೆ. ಕೆಲವು ದಿನಗಳಿಂದ ಅಜ್ಜಿ ನಮ್ಮಿಂದ ಹೊಸ ಜಪ ಕಲಿಯುತ್ತಿದ್ದರು!

“ಇನ್ನೊಂದ್ಸಲ ಹೇಳ್ಸಿ ಮಕ್ಳಾ. ಮಧ್ಯದಲ್ಲಿ ನಾಲ್ಗೆ ಹಳೇ ದಾರೀಗೇ ಹೋಗ್ಬಿಡುತ್ತೆ.”

ಅಕ್ಕ ಹೇಳಿದಳು, ಅಜ್ಜಿ ಒಪ್ಪಿಸಿದರು. ತಪ್ಪಿದಾಗ ತಮ್ಮ ಕೆನ್ನೆಗೆ ತಾವೇ ಮೆಲ್ಲಗೆ ತಟ್ಟಿಕೊಂಡರು. ಅಷ್ಟು ವರ್ಷ ನಿದ್ದೆಗಣ್ಣಲ್ಲೂ ತಪ್ಪದೆ ಹೇಳಿದ ಜಪವನ್ನು ಬಿಟ್ಟು ಮಗುವಿನಂತೆ ತೊದಲುವುದು ಅವರಿಗೆ ಸುಲಭವಿರಲಿಲ್ಲ. ಅವರ ಹಣೆಯ ಮೇಲೆ ಬೆವರು ಮೂಡಿತ್ತು.

“ಅಪ್ಪನಿಗೆ ಹೇಳ್ಲಾ ಅಜ್ಜಿ?” ಎಂದೆ.

“ಬೇಡ್ವೋ. ಮರೆತು ನಿಂತ್ಕೊಂಡ್ರೆ ನಗ್ತಾನೆ. ಸಾಯಂಕಾಲ ಎಲ್ರ ಮುಂದೇನೇ ಕೇಳಿಸ್ಕೊಳ್ಳಲಿ.”

ಸಂಜೆಯಾಯಿತು. ಮೇಣದ ಬತ್ತಿ ಹಚ್ಚಿ, ಹಾಡಿಕೊಂಡು ಬಂದವರನ್ನು ಎದುರುಗೊಂಡೆವು. ಸ್ವರೂಪವನ್ನು ಮೇಜಿನ ಮೇಲೆ ಕೂರಿಸಿ ಹೂ ಮುಡಿಸಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬರುವ ಒಬ್ಬೊಬ್ಬರ ಕಿವಿಯಲ್ಲೂ ಪಿಸುಗುಟ್ಟುತ್ತಿದ್ದರು: “ಇವತ್ತು ಹಳೇ ಜಪಾನೇ ಹೇಳೋಣ. ಅವ್ವಂಗೆ ಬೇಜಾರಾಗುತ್ತೆ.” ಬಂದವರೆಲ್ಲ ಪಾಪ ಎಂಬಂತೆ ಅಜ್ಜಿಯ ಕಡೆ ನೋಡಿ ತಲೆಯಾಡಿಸಿ ಕೂರುತ್ತಿದ್ದರು.

ಅಪ್ಪನ ಪಕ್ಕದಲ್ಲೇ ನಿಂತು ನಾನು ಅದನ್ನು ಕೇಳಿಸಿಕೊಂಡೆ. ಅಜ್ಜಿ ಹೇಳುವುದು ಹೊಸದು, ಜನ ಹೇಳುವುದು ಹಳೆಯದು. ಎಲ್ಲರ ಮುಂದೆ ಅಜ್ಜಿ ಕಕ್ಕಾಬಿಕ್ಕಿಯಾಗುತ್ತಾರೆ! “ಅಪ್ಪಾ, ಒಂದ್ ವಿಷ್ಯ,” ಎಂದು ಅಂಗಿ ಎಳೆದೆ. “ಸುಮ್ನಿರೋ, ಆಮೇಲೆ,” ಎಂದರು. ಮತ್ತೆ ಎಳೆದೆ. ಕಣ್ಣಲ್ಲೇ ಗದರಿದರು. ಅಷ್ಟರಲ್ಲಿ ಅಜ್ಜಿ ಶಿಲುಬೆಯ ಗುರುತು ಮಾಡಿಯಾಗಿತ್ತು.

ಅಜ್ಜಿ ಮೊದಲರ್ಧವನ್ನು ಹೊಸ ಮಾತಿನಲ್ಲಿ, ಒಂದೂ ತಪ್ಪದೆ ಹೇಳಿ ನಿಲ್ಲಿಸಿದರು. ಹಳೆಯದರ ಉದ್ದನೆಯ ಬಾಲಕ್ಕೆ ಕಾದಿದ್ದ ಜನ ಹಾಗೇ ಕಾದರು. ಅಕ್ಕ ಮತ್ತು ನಾನು ಮಾತ್ರ ಹೊಸ ಉತ್ತರ ಹೇಳಿದೆವು. ಆಗ ಎಲ್ಲರೂ ಗಾಬರಿಯಿಂದ ಹಳೆಯ ಉತ್ತರವನ್ನು ರಾಗವಾಗಿ ಶುರುಮಾಡಿದರು. ಅದರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಪಕ್ಕದ ಮನೆಯ ದೊಡ್ಡಮ್ಮನದು. ಅಜ್ಜಿ ಎರಡನೆಯ ಮಣಿ ಹಿಡಿದರು. ಮತ್ತೆ ಅದೇ ಕಲಸುಮೇಲೋಗರ. ಅಜ್ಜಿಯ ಮುಖ ಚಿಕ್ಕದಾಯಿತು. ಜಪ ನಿಂತೇಹೋಯಿತು.

“ಯಾಕೆ, ನಾನ್ ಹೇಳಿದ್ದು ತಪ್ಪಾಯ್ತಾ?” ಎಂದರು. ಆ ದನಿ ಕೇಳಿ ನನಗೆ ಅಳು ಬಂತು.

“ಇಲ್ಲವ್ವ, ತಪ್ಪಿಲ್ಲ,” ಎಂದರು ಅಪ್ಪ. “ನಿನಗೆ ಬೇಜಾರಾಗ್ಬಾರ್ದು ಅಂತ ನಾನೇ ಎಲ್ರಿಗೂ ಹಳೇದು ಹೇಳೋಕೆ ಹೇಳಿದ್ದೆ.”

“ನನಗೆ ಬೇಜಾರಾಗುತ್ತೆ ಅಂತ ನಿನಗ್ಯಾರೋ ಹೇಳಿದ್ದು? ಒಂದ್ ಮಾತು ನನ್ನ ಕೇಳಿದ್ಯಾ? ಈ ಮಕ್ಳು ನೋಡು, ದಿನಾ ಬರೀ ತುಟಿ ಆಡಿಸ್ಕೊಂಡು ಕೂತಿರ್ತಾವೆ. ಇವ್ರ ದನಿ ಇಲ್ದೆ ನನಗೆ ಜಪ ಹೇಳಿದಂಗೇ ಆಗಲ್ಲ. ಅದಕ್ಕೇ ಕಲ್ತೆ ಕಣೋ.”

ಅಪ್ಪ ತಲೆ ತಗ್ಗಿಸಿದರು. ದೊಡ್ಡಮ್ಮ ತಲೆ ಮೇಲೆ ಕೈಹೊತ್ತು, “ಅಯ್ಯೋ, ದಿನಾ ಗೋಡೆಯಾಚೆಯಿಂದ ಕೇಳಿ ಕೇಳಿ ಕಲ್ತಿದ್ದೆ. ಎಲ್ಲಾ ದಂಡ ಆಯ್ತಲ್ಲ!” ಎಂದರು. ಇಡೀ ಮನೆ ಗೊಳ್ಳೆಂದು ನಕ್ಕಿತು, ಅಜ್ಜಿಯೂ ನಕ್ಕರು.

ಮತ್ತೆ ಮೊದಲಿನಿಂದ ಜಪ ಶುರುವಾಯಿತು. ಅಜ್ಜಿ ತಡವರಿಸಿದಲ್ಲಿ ಅಕ್ಕ ಎತ್ತಿಕೊಟ್ಟಳು. ಹೊಸ ಉತ್ತರ ಬಾರದ ಹಿರಿಯರು ಅರ್ಧಕ್ಕೇ ನುಂಗಿಕೊಂಡರು. ಅಪ್ಪನಂತೂ ನನ್ನ ಬಾಯನ್ನೇ ನೋಡುತ್ತ ನನ್ನ ಹಿಂದೆ ಹಿಂದೆ ಹೇಳುತ್ತಿದ್ದರು. ನಾನು ಬೇಕೆಂದೇ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಅಪ್ಪನಿಗೆ ಹೇಳಿಕೊಡುವ ಭಾಗ್ಯ ದಿನಾ ಸಿಗುತ್ತದೆಯೇ?

ಕೊನೆಯಲ್ಲಿ ತೀರಿಹೋದವರಿಗಾಗಿ ಒಂದು ಜಪವಿರುತ್ತದೆ. ಅಕ್ಕ ಅದರ ಹೊಸ ಮಾತನ್ನು ಎತ್ತಿಕೊಡಲು ಬಾಯಿ ತೆರೆದಳು. ಅಜ್ಜಿ ಅವಳ ಕೈ ಹಿಡಿದು ತಡೆದರು.

“ಇದು ಬೇಡ ಮಗಾ. ಹೋದೋರಿಗೆ ಹೊಸದನ್ನ ಯಾರು ಕಲಿಸಿರ್ತಾರೆ? ಅವ್ರಿಗೆ ಗೊತ್ತಿರೋದ್ರಲ್ಲೇ ಹೇಳೋಣ.”

ಆ ಒಂದು ಜಪ ಹಳೆಯ ಮಾತಿನಲ್ಲಿ, ಹಳೆಯ ರಾಗದಲ್ಲಿ ಸಾಗಿತು. ಎಲ್ಲರ ದನಿಯೂ ಕೂಡಿತು. ತಮ್ಮ ಅಪ್ಪನನ್ನು ನೆನೆದೋ ಏನೋ, ನಮ್ಮಪ್ಪ ಈಗ ನನ್ನ ಬಾಯಿ ನೋಡದೆ ಕಣ್ಣು ಮುಚ್ಚಿ ಹೇಳಿದರು. ಆಮೇಲೆ ಬಿಸಿಬಿಸಿ ಉಸಲಿ ತಿನ್ನುವಾಗ ಮೊದಲ ತಟ್ಟೆಯನ್ನು ಅವರು ಅಜ್ಜಿಗೆ ಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಪದ್ಧತಿಯಾಯಿತು. ಇರುವವರ ಜಪ ಹೊಸದರಲ್ಲಿ, ಹೋದವರ ಜಪ ಹಳೆಯದರಲ್ಲಿ.

ಮಕ್ಕಳೇ, ಈಗ ಜೆ.ಪಿ. ನಗರದ ನಮ್ಮ ಫ್ಲಾಟಿನಲ್ಲಿ ಸಂಜೆಯ ಜಪವೆಂದರೆ ನಿಮ್ಮ ಹೋಂವರ್ಕಿಗೂ ಟ್ಯೂಷನ್ನಿಗೂ ನಡುವೆ ಸಿಗುವಷ್ಟು ಹೊತ್ತು. ನೀವು ಮೊಬೈಲು ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತೀರಿ. ಗುರುವಾರಗಳಂದು, ನಮ್ಮ ಕಾಲದಲ್ಲಿ ಇರದಿದ್ದ ‘ಬೆಳಕಿನ ರಹಸ್ಯ’ಗಳೆಂಬ ಹೊಸ ಧ್ಯಾನಗಳನ್ನೂ ಜಪಸರಕ್ಕೆ ಸೇರಿಸುತ್ತೀರಿ. ಚಾಪೆಯಿಲ್ಲ, ಸೋಫಾ ಇದೆ. ತೂಕಡಿಕೆ ಮಾತ್ರ ಅದೇ. ನಿಮ್ಮ ಇಂಗ್ಲಿಷಿನ ಓಟಕ್ಕೆ ಸಾಟಿಯಾಗದೆ ಈ ತಾತ ಕೆಲವು ದಿನ ಬರೀ ತುಟಿ ಆಡಿಸಿದ್ದೂ ಉಂಟು. ಈಗ ಕಲಿಯುತ್ತಿದ್ದೇನೆ. ನಾನು ತಪ್ಪಿದಾಗ ನೀವು ಕಿಸಕ್ಕೆಂದು ನಗುವುದು ನನಗೆ ಕೇಳಿಸುತ್ತದೆ, ನಗಿ, ಸಂತೋಷವೇ. ನಿಮ್ಮೊಂದಿಗೆ ದನಿ ಕೂಡಿಸಲು ಯಾವ ಭಾಷೆಯಾದರೂ ಕಲಿತೇನು.

ಆದರೆ ನೀವೂ ಒಂದನ್ನು ಕಲಿಯಬೇಕು. ತೀರಿಹೋದವರ ಜಪವನ್ನು ಮಾತ್ರ ನನ್ನ ಬಾಯಿಂದ ಕನ್ನಡದಲ್ಲಿ ಕಲಿತಿಟ್ಟುಕೊಳ್ಳಿ. ಇವತ್ತೇನೂ ಅವಸರವಿಲ್ಲ. ಮುಂದೆ ನನಗೆ ಬೇಕಾಗುತ್ತದೆ.