ಬೌಕೆಯ ಕಿಟಕಿಗೆ ಬಂದ ಪರದೆ

ನಮ್ಮಣ್ಣ ಬೌಕೆ ನಮ್ಮೂರು ಹಾರ್ಲೆಮ್ಮಿನ ಸಂತೆಯಲ್ಲಿ ಮೀನು ಮಾರುತ್ತಿದ್ದ. ಹೆರಿಂಗ್ ಮೀನು ಸೀಳಿ, ಮೇಲೆ ಈರುಳ್ಳಿ ಉದುರಿಸಿ ಕೊಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಬೀದಿಯವರು ಅವನನ್ನು ನೆನಪಿಟ್ಟುಕೊಂಡದ್ದು ಹೊಟ್ಟೆಕಿಚ್ಚಿಗೆ.

ಎದುರು ಮನೆಯ ಅಟ್ಟದ ಕೋಣೆಯಲ್ಲಿ ಲಾಂಬರ್ಟ್ ಎಂಬ ಯುವಕ ಬಾಡಿಗೆಗಿದ್ದ. ಎಪ್ಪತ್ಮೂರನೇ ಇಸವಿಯಲ್ಲಿ ಅವನೊಂದು ಪ್ರೇಮದ ಸಿನಿಮಾ ತೆಗೆದ. ಅದರಲ್ಲಿ ಬಣ್ಣ ಬಳಿಯುವವನೊಬ್ಬ ಮತ್ತು ಅವನ ಹೆಂಡತಿ ಅರ್ಧ ಸಿನಿಮಾ ಬಟ್ಟೆಯಿಲ್ಲದೆ ಓಡಾಡುತ್ತಾರೆ. ಪಾದ್ರಿಗಳು ಬೈದರು, ಆಮೇಲಂತೂ ಟಿಕೆಟ್ಟೇ ಸಿಗಲಿಲ್ಲ. ನಾಯಕಿ ತಲೆಗೆ ಹಸಿರು ವಸ್ತ್ರ ಕಟ್ಟುತ್ತಿದ್ದಳು, ನಗುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಎರಡೂ ನಮ್ಮ ಅತ್ತಿಗೆ ಫೆನ್ನಾಳ ಅಭ್ಯಾಸ.

“ಏನಯ್ಯಾ ಬೌಕೆ, ನಿನ್ ಹೆಂಡ್ತೀನ ಇಡೀ ದೇಶಾನೇ ನೋಡ್ಬಿಡ್ತಲ್ಲೋ! ಈರುಳ್ಳಿ ಸ್ವಲ್ಪ ಜಾಸ್ತಿ ಹಾಕು,” ಎಂದು ಗಿರಾಕಿಗಳು ಕಾಲೆಳೆದರು.

ಅಣ್ಣ ಸಿನಿಮಾ ನೋಡಲಿಲ್ಲ. ಫೆನ್ನಾ ಮಾತ್ರ ಒಬ್ಬಳೇ ಮತ್ತೆ ಮತ್ತೆ ಹೋದಳು. ಅವಳು ಏನೋ ಹೇಳಲು ಬಾಯಿ ತೆರೆದರೆ, “ಅವನ ಹೆಸರು ಈ ಮನೇಲಿ ಎತ್ಬೇಡ,” ಎಂದು ಅಣ್ಣ ಸಿಡುಕುತ್ತಿದ್ದ. ಕೊನೆಗೆ ದಪ್ಪ ಕಂದು ಪರದೆ ತಂದು ಬೀದಿ ಕಿಟಕಿಗೆ ಎಳೆದ. ನಮ್ಮ ಬೀದಿಯಲ್ಲಿ ದೀಪ ಹಚ್ಚಿದ ಮೇಲೂ ಯಾರೂ ಪರದೆ ಎಳೆಯುವುದಿಲ್ಲ. ಎಳೆದರೆ ಮನೆಯಲ್ಲಿ ಸಾವಾಗಿದೆ, ಇಲ್ಲವೇ ಮುಚ್ಚಿಡುವಂಥದ್ದೇನೋ ಇದೆ ಎಂದರ್ಥ. ಪಕ್ಕದ ಮನೆಯ ಮುದುಕಿ ಸೂಪಿನ ಪಾತ್ರೆ ಹಿಡಿದು ಬಂದು, “ಅಯ್ಯೋ, ಯಾರಪ್ಪಾ ತೀರಿಕೊಂಡ್ರು?” ಎಂದು ಕೇಳಿದಳು.

ತಂಗಿಯಾದ ನನಗೂ ಹೊಟ್ಟೆ ಉರಿಯುತ್ತಿತ್ತು. ಅದೇ ಬೀದಿಯಲ್ಲಿ ನನ್ನದೂ ಒಂದು ಕಿಟಕಿಯಿತ್ತು. ನನ್ನನ್ನು ನೋಡಿ ಯಾರೂ ಸಿನಿಮಾ ಮಾಡಲಿಲ್ಲ.

ಲಾಂಬರ್ಟ್ ಅಮೆರಿಕಕ್ಕೆ ಹೋದ. ಬಂದೂಕು, ರಕ್ತದ ಸಿನಿಮಾ ತೆಗೆದು ದೊಡ್ಡವನಾದ. ಆಮೇಲೆ ಅವೂ ಒಂದೊಂದಾಗಿ ನೆಲಕಚ್ಚಿದವು. ಹಾಗೆ ಸುದ್ದಿ ಬಂದ ದಿನ ಅಣ್ಣ ಮನೆಗೆ ಸಿಹಿ ತರುತ್ತಿದ್ದ!

ಅಣ್ಣನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ನಾವೆಲ್ಲ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು, ಪದ್ಧತಿಯಂತೆ ಒಬ್ಬರಿಗೊಂದೇ ತುಂಡು ಕೇಕು ತಿಂದು, ಕಾಫಿ ಕುಡಿಯುತ್ತಿದ್ದೆವು. ಊರಿಗೆ ಮರಳಿದ ಮುದಿ ಲಾಂಬರ್ಟ್ ಟೀವಿಯಲ್ಲಿ ಥಟ್ಟನೆ ಕಾಣಿಸಿಕೊಂಡ. ಅಣ್ಣ ರಿಮೋಟ್ ಹುಡುಕುವಷ್ಟರಲ್ಲಿ ಅವನು ಮಾತಾಡುತ್ತಿದ್ದ:

“ಎದುರು ಮನೇಲಿ ಮೀನು ಮಾರೋನೊಬ್ಬ ಇದ್ದ. ಕೈಯೆಲ್ಲ ಮೀನಿನ ವಾಸನೆ ಅಂತ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡೇ ಹೆಂಡ್ತಿಗೆ ಮುತ್ತು ಕೊಡ್ತಿದ್ದ. ಕಿಟಕೀಲಿ ನೋಡ್ತಾ ನನಗೆ ಹೊಟ್ಟೆ ಉರೀತಿತ್ತು. ಅದನ್ನೇ ಕದ್ದೆ. ಆಮೇಲೆ ಅವರು ಪರದೆ ಹಾಕ್ಬಿಟ್ರು. ಅಂಥಾ ಮುತ್ತು ನನ್ನ ಬೇರೆ ಯಾವ ಸಿನಿಮಾದಲ್ಲೂ ಬರಲಿಲ್ಲ.”

ನಂತರ ಆ ದೃಶ್ಯವೇ ಬಂತು. ನಾಯಕ ಬಣ್ಣ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಹಿಡಿದು ಬಾಗಿದ. ಅಣ್ಣ ರಿಮೋಟ್ ಹುಡುಕುವುದನ್ನು ಬಿಟ್ಟ.

“ಅದು ನಾನು...” ಎಂದ.

“ಮತ್ತೆ? ನಾನು ಯಾರನ್ನ ನೋಡೋಕೆ ಹೋಗ್ತಿದ್ದೆ ಅಂದ್ಕೊಂಡೆ?” ಎಂದಳು ಫೆನ್ನಾ.

“ನಾನು ಮನೇಲೇ ಇದ್ನಲ್ಲೇ!”

“ನೀನಾ? ಒಳಗೆ ಬಂದ ತಕ್ಷಣ ಪರದೆ ಸರಿಯಾಗಿ ಮುಚ್ಚಿದೆಯಾ ಅಂತ ನೋಡೋನು ನೀನು. ಅವತ್ತಿಂದ ನನ್ನ ಮುಖ ಯಾವತ್ತು ನೋಡಿದೀಯ, ಹೇಳು.”

ಅಣ್ಣ ಎದ್ದ. ಮೀನು ಮುಟ್ಟಿ ವರ್ಷಗಳಾಗಿದ್ದರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ, ಅವಳತ್ತ ಬಾಗಿದ. ನೆಂಟರೆಲ್ಲ ತಮ್ಮ ತಮ್ಮ ಕಾಫಿ ನೋಡಿಕೊಂಡರು. ನಾನು ಮಾತ್ರ ನೋಡಿದೆ. ನೋಡಿ ಉರಿದುಹೋಗಿ, ಯಾರೂ ಕೊಡದಿದ್ದರೂ ಕೇಕಿನ ಎರಡನೆಯ ತುಂಡು ಎತ್ತಿಕೊಂಡೆ.