ರೋಲರ್ ಮೇಲೆ ತೂಗುವ ಶಿವದಾರ

ಬಳ್ಳಾರಿಯ ತಗಡಿನ ಕಾರ್ಖಾನೆಯಲ್ಲಿ ನಮ್ಮ ಮನೆಯವರು ತಗಡು ಬಗ್ಗಿಸುವ ರೋಲರ್ ನಡೆಸುತ್ತಿದ್ದರು. ಬಾಗಿದಾಗಲೆಲ್ಲ ಕೊರಳ ಲಿಂಗ ತೆರೆದ ಅಂಗಿಯಿಂದ ಜಾರಿ ರೋಲರ್ ಮೇಲೆ ತೂಗಾಡುತ್ತಿತ್ತಂತೆ. ಲಿಂಗ ಕಟ್ಟಿದ ಶಿವದಾರ ಸಿಕ್ಕಿಕೊಂಡರೆ ಕೊರಳೇ ಹೋಗುತ್ತದೆ, ಬಿಚ್ಚಿಡು ಎಂದು ಮೇಸ್ತ್ರಿ ಬೈದರೂ ಇವರು ಒಪ್ಪಲಿಲ್ಲ. ಲಿಂಗ ಮೈಬಿಟ್ಟು ಇರಬಾರದು.

“ಗುಂಡಿಯರ ಹಾಕ್ಕೊಳ್ರಿ,” ಎಂದು ದಿನಾ ಹೇಳಿ ನನಗೆ ಸಾಕಾಗಿತ್ತು.

“ಆ ಶೆಡ್ಡಿನ ಝಳದಾಗ ನೀ ಒಂದ್ ತಾಸು ನಿಂದ್ರು, ಆಮ್ಯಾಲೆ ಹೇಳು,” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಸಿಟ್ಟು ತಡೆಯದೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಅವರ ರಟ್ಟೆಗೆ ಬಿಗಿದೆ. “ಮೈಮ್ಯಾಗ ಐತಿಲ್ಲ? ಸುಮ್ನ ಹೋಗ್ರಿ,” ಎಂದೆ.

ಸಂಜೆ ಅಂಗಿಯ ಮುಂಭಾಗವನ್ನೇ ರೋಲರಿಗೆ ಕೊಟ್ಟು ಬಂದರು. ಗುಂಡಿ ಅಂದೂ ಹಾಕಿರಲಿಲ್ಲ. ಹಳೆಯ ಅರಿವೆ, ಹರಿದು ಅವರನ್ನು ಬಿಟ್ಟಿತ್ತು. ಕೊರಳಲ್ಲೇ ಇದ್ದಿದ್ದರೆ, ನಾನು ಹೊಸೆದ ಶಿವದಾರ ಅಷ್ಟು ಸುಲಭಕ್ಕೆ ಹರಿಯುತ್ತಿರಲಿಲ್ಲ. ಶಿವನಿಗೆ ಕೈಮುಗಿದೆ. ಇವರ ಮುಂದೆ ಮಾತ್ರ ಊಟದ ತಟ್ಟೆಯನ್ನು ಕುಕ್ಕಿ ಇಟ್ಟೆ.